ಕೆಳಗೊಂದು ಕೋಣೆ ಇರಲಿ

ಬಚ್ಚಲಿನ ಬಾಗಿಲು ಎರಡೂವರೆ ಅಡಿ ಅಂತ ನಕ್ಷೆಯಲ್ಲಿ ಬರೆದಿರುತ್ತದೆ. ಅದರಲ್ಲಿ ಚೌಕಟ್ಟಿನ ಅಗಲ ಕಳೆಯಿರಿ, ತೆರೆದಾಗ ಅಡ್ಡ ನಿಲ್ಲುವ ಬಾಗಿಲಿನ ದಪ್ಪವನ್ನೂ ಕಳೆಯಿರಿ. ಉಳಿಯುವುದು ಎರಡು ಅಡಿಗಿಂತ ಸ್ವಲ್ಪವೇ ಜಾಸ್ತಿ. ವಾಕರ್ ಕೂಡ ಹೆಚ್ಚುಕಮ್ಮಿ ಅಷ್ಟೇ ಅಗಲ. ರಾಜಾಜಿನಗರದ ಒಂದು ಮನೆಯಲ್ಲಿ, ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ಬಂದಿದ್ದ ಅಜ್ಜಿಯೊಬ್ಬರು ಆ ಬಾಗಿಲಲ್ಲಿ ವಾಕರನ್ನು ಓರೆ ಮಾಡಿ ತೂರಿಸುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಎರಡೂ ಕೈಯ ಗೆಣ್ಣುಗಳು ಚೌಕಟ್ಟಿಗೆ ಉಜ್ಜಿ ಉಜ್ಜಿ ತರಚಿದ್ದವು. ‘ಇದನ್ನ ಒಂದು ಗೇಣು ದೊಡ್ಡದು ಮಾಡೋಕಾಗತ್ತೇನಮ್ಮಾ?’ ಅಂತ ಕೇಳಿದರು. ಅವರ ಮಗ ನನ್ನನ್ನು ಕರೆಸಿದ್ದು ಹಾಲ್‌ನ ಫಾಲ್ಸ್ ಸೀಲಿಂಗ್ ಬಗ್ಗೆ ಮಾತಾಡುವುದಕ್ಕೆ.

30-40ರ ಸೈಟು, ಕೆಳಗೆ ಬಾಡಿಗೆಯವರು, ಮೇಲೆ ಇವರು. ನಡುವೆ ಹದಿನೆಂಟು ಮೆಟ್ಟಿಲು. ಅಜ್ಜಿ ಎಂಟು ತಿಂಗಳಿಂದ ರಸ್ತೆಯನ್ನೇ ನೋಡಿರಲಿಲ್ಲ. ತರಕಾರಿ ಗಾಡಿಯವರ ಕೂಗು ಮಾತ್ರ ಕೇಳಿಸುತ್ತಿತ್ತು.

ಬೆಂಗಳೂರಿನ ಮನೆಗಳು ಆಯಾ ಕಾಲದ ಅಗತ್ಯಕ್ಕೆ ತಕ್ಕಂತೆ ಬದಲಾಗುತ್ತಲೇ ಬಂದಿವೆ. 1898ರಲ್ಲಿ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆಗಲೇ. ಅಗಲವಾದ ರಸ್ತೆ, ಮನೆಯ ಸುತ್ತ ಗಾಳಿಗೆ ಜಾಗ, ಹಿಂದೆ ಕಸ, ಮಲ ಸಾಗಿಸುವುದಕ್ಕೆ ಬಿಟ್ಟ ಕನ್ಸರ್ವೆನ್ಸಿ ಓಣಿ, ಎಲ್ಲವೂ ರೋಗದ ಭಯ ಕಲಿಸಿದ ಪಾಠ. ಆಮೇಲೆ ಕಾರು ಬಂತು. ಮುಂದಿನ ಜಗಲಿ ಹೋಯಿತು, ಅಂಗಳ ಹೋಯಿತು, ಈಗ ಕೆಳಗಿನ ಇಡೀ ಮಹಡಿಯೇ ಸ್ಟಿಲ್ಟ್ ಪಾರ್ಕಿಂಗ್. ಸಂಜೆ ಅಜ್ಜ ಅಜ್ಜಿ ಕೂತು ಹಾದುಹೋಗುವವರನ್ನು ಮಾತಾಡಿಸುತ್ತಿದ್ದ ಜಾಗದಲ್ಲಿ ಎರಡು ಕಾರು ನಿಂತಿರುತ್ತವೆ. ನನಗೆ ಇದರ ಬಗ್ಗೆ ನಿಜವಾಗಲೂ ನೋವಿದೆ, ಯಾಕೆಂದರೆ ಇಂಥ ನಕ್ಷೆಗಳನ್ನು ನಾನೂ ಎಷ್ಟೋ ಬರೆದುಕೊಟ್ಟಿದ್ದೇನೆ.

ಹಳೇ ಮನೆಯ ನಡುಮನೆ ನೆನಪಿದೆ ಅಲ್ವಾ? ಅದಕ್ಕೆ ಇಂಥದ್ದೇ ಕೆಲಸ ಅಂತ ಇರಲಿಲ್ಲ. ಹಗಲು ಅಲ್ಲೇ ಅಕ್ಕಿ ಆರಿಸುತ್ತಿದ್ದರು, ಹಬ್ಬದಲ್ಲಿ ಪಂಕ್ತಿ ಕೂರುತ್ತಿತ್ತು, ನವರಾತ್ರಿಗೆ ಬೊಂಬೆ ಕೂರಿಸುತ್ತಿದ್ದರು, ರಾತ್ರಿ ಚಾಪೆ ಹಾಸಿದರೆ ಮಲಗುವ ಮನೆ. ಈಗ ಒಂದೊಂದು ರೂಮಿಗೂ ಒಂದೊಂದು ಹೆಸರು, ಆ ಹೆಸರಿಗೆ ತಕ್ಕಂತೆ ಕದಲಿಸಲಾಗದ ವಾರ್ಡ್‌ರೋಬು, ಗೋಡೆಗೇ ಬಿಗಿದ ಮಂಚ. 2020ರಲ್ಲಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡಬೇಕಾದಾಗ ಇದರ ಕಷ್ಟ ಗೊತ್ತಾಯಿತು. ಮೂರು ಬೆಡ್‌ರೂಮಿನ ಮನೆಯಲ್ಲೂ ದೇವರಮನೆ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವರನ್ನು ನೋಡಿದ್ದೇನೆ.

ಅದಕ್ಕೇ ಮನೆ ಕಟ್ಟಿಸುವವರನ್ನು ನಾನು ಕೇಳುವುದು ಒಂದೇ. ಕೆಳಗಡೆ ಒಂದು ಕೋಣೆ, ಅದಕ್ಕೆ ಸೇರಿದಂತೆ ಒಂದು ಬಚ್ಚಲು. ಇವತ್ತು ಅದು ಆಫೀಸ್ ಆಗಲಿ, ಮಕ್ಕಳ ಟ್ಯೂಷನ್ ರೂಮ್ ಆಗಲಿ, ಬಾಣಂತಿ ಕೋಣೆ ಆಗಲಿ. ಹಾಲ್‌ಗೂ ಅದಕ್ಕೂ ಮಧ್ಯೆ ಮಡಚುವ ಬಾಗಿಲು ಹಾಕಿದರೆ ಹಬ್ಬಕ್ಕೆ ಎರಡೂ ಒಂದೇ. ಈಗ ಬಚ್ಚಲು ಬೇಡ ಅನ್ನುವವರು ನೆಲ ಹಾಕುವ ಮುಂಚೆ ಡ್ರೈನ್ ಪೈಪನ್ನಾದರೂ ಎಳೆದು ಮುಚ್ಚಳ ಹಾಕಿಸಿಡಿ. ಇವತ್ತು ಅದಕ್ಕೆ ಆಗುವ ಖರ್ಚು ತೀರಾ ಕಡಿಮೆ, ಆಮೇಲಾದರೆ ಇಡೀ ನೆಲ ಅಗೆಯಬೇಕು.

ರಾಜಾಜಿನಗರದ ಮನೆಗೆ ಬರುತ್ತೇನೆ. ಬಾಡಿಗೆಯವರು ಖಾಲಿ ಮಾಡಿದ ಮೇಲೆ ಕೆಳಗಿನ ಮುಂದಿನ ರೂಮನ್ನು ಅಜ್ಜಿಗೆ ಸಿದ್ಧ ಮಾಡಿದೆವು. ಬಾಗಿಲು ದೊಡ್ಡದು ಮಾಡಿದೆವು, ಚೌಕಟ್ಟು ಕಳೆದೂ ಮೂರು ಅಡಿ ಸಿಗುವ ಹಾಗೆ. ಬಚ್ಚಲಿನ ಹೊಸ್ತಿಲು ತೆಗೆದು ನೀರು ಹೊರಗೆ ಬರದ ಹಾಗೆ ನೆಲಕ್ಕೇ ಇಳಿಜಾರು ಕೊಟ್ಟೆವು. ನಯವಾದ ಟೈಲ್ಸ್ ತೆಗೆದು ಒರಟು ಮೈಯದು ಹಾಕಿದೆವು. ಬಾಗಿಲು ಒಳಕ್ಕೆ ತೆರೆಯುತ್ತಿತ್ತು, ಅದನ್ನು ಹೊರಕ್ಕೆ ತಿರುಗಿಸಿದೆವು. ಇದನ್ನು ದಯವಿಟ್ಟು ಎಲ್ಲರೂ ಗಮನಿಸಿ. ಒಳಗೆ ಯಾರಾದರೂ ಜಾರಿ ಬಾಗಿಲಿಗೆ ಒರಗಿ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನವರು ತಳ್ಳಲಾಗುವುದಿಲ್ಲ. ಕಮೋಡ್ ಪಕ್ಕದ ಹಿಡಿಕೆಯೂ ಅಷ್ಟೇ. ಹಾಲೋ ಬ್ಲಾಕ್ ಗೋಡೆಗೆ ಸುಮ್ನೆ ಸ್ಕ್ರೂ ಹೊಡೆದರೆ ಮೈಭಾರ ಬಿದ್ದಾಗ ಕಿತ್ತು ಬರುತ್ತದೆ, ಆ ಜಾಗದಲ್ಲಿ ಗಟ್ಟಿ ಇಟ್ಟಿಗೆ ಕಟ್ಟಿ ಅಥವಾ ಕಾಂಕ್ರೀಟ್ ತುಂಬಿ ಹಿಡಿಕೆ ಕೂರಿಸಬೇಕು.

ರ‍್ಯಾಂಪ್ ಕಷ್ಟದ್ದು. ಒಂದು ಅಡಿ ಏರುವುದಕ್ಕೆ ಹನ್ನೆರಡು ಅಡಿ ಉದ್ದ ಬೇಕು. ನಮ್ಮಲ್ಲಿ ಪ್ರತಿ ಸಲ ಟಾರು ಹಾಕಿದಾಗಲೂ ರಸ್ತೆ ಸ್ವಲ್ಪ ಸ್ವಲ್ಪ ಮೇಲೇರುತ್ತದೆ. ಮಳೆನೀರು ಒಳಗೆ ಬರುತ್ತದೆ ಅನ್ನೋ ಹೆದರಿಕೆಗೆ ಜನ ಪಾಯವನ್ನು ಎರಡು ಅಡಿ, ಮೂರು ಅಡಿ ಎತ್ತರಿಸುತ್ತಾರೆ. ಆ ಹೆದರಿಕೆ ನ್ಯಾಯವಾದದ್ದೇ. ಈ ಮನೆಯ ಪಾಯ ಎರಡು ಅಡಿ ಇತ್ತು, ಅಂದರೆ ಇಪ್ಪತ್ನಾಲ್ಕು ಅಡಿ ರ‍್ಯಾಂಪ್. ಗೇಟಿನ ಮುಂದೆ ಅಷ್ಟು ಜಾಗ ಎಲ್ಲಿ? ಕೊನೆಗೆ ಪಕ್ಕದ ಗಲ್ಲಿಯಲ್ಲಿ, ಹಳೇ ಡ್ರಮ್ಮು, ಮುರಿದ ಸೈಕಲ್ ತುಂಬಿಸಿಟ್ಟಿದ್ದ ಮೂರಡಿ ಸೆಟ್‌ಬ್ಯಾಕಿನಲ್ಲಿ (ಮನೆಗೂ ಕಾಂಪೌಂಡಿಗೂ ನಡುವೆ ಬಿಟ್ಟ ಜಾಗ), ಅದನ್ನು ಹಿತ್ತಲ ಬಾಗಿಲ ತನಕ ಏರಿಸಿದೆವು.

ಕಾಲಂ-ಬೀಮ್ ಮೇಲೆ ನಿಂತ ಮನೆಗಳಲ್ಲಿ ಒಳಗಿನ ನಾಲ್ಕೂವರೆ ಇಂಚಿನ ಗೋಡೆಗಳನ್ನು ಸಾಮಾನ್ಯವಾಗಿ ತೆಗೆಯಬಹುದು, ಜಾಗ ಬದಲಿಸಬಹುದು. ಬಸವನಗುಡಿಯ ಹಳೇ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಚಾವಣಿ) ಮನೆಗಳಲ್ಲಿ ಹಾಗಲ್ಲ, ಅಲ್ಲಿ ಭಾರ ಹೊರುವುದೇ ಗೋಡೆ. ಯಾವ ಮನೆಯೇ ಆಗಲಿ, ಎಂಜಿನಿಯರ್ ನೋಡದೆ ಸುತ್ತಿಗೆ ಎತ್ತಬೇಡಿ.

ಅಗತ್ಯಕ್ಕೆ ತಕ್ಕಂತೆ ಬದಲಾಗುವ ಮಾತು ಊರಿನ ಜಾಗಗಳಿಗೂ ಸಲ್ಲುತ್ತದೆ. ಸೆಂಟ್ರಲ್ ಜೈಲು ಇದ್ದ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಎಲ್ಲವನ್ನೂ ನೆಲಸಮ ಮಾಡದೆ ಕಾವಲು ಗೋಪುರ ಉಳಿಸಿಕೊಂಡರು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ವರ್ಷಕ್ಕೆ ನಾಲ್ಕು ಸಲ ಮಾತ್ರ ತೆರೆಯುವ ಪಾರ್ಟಿ ಹಾಲ್ ಇದ್ದರೆ ಅದರ ಒಂದು ಮೂಲೆಯಲ್ಲಿ ಬೆಂಚು, ಪೇಪರ್, ಒಂದು ಫ್ಯಾನ್ ಇಟ್ಟು ಬೆಳಿಗ್ಗೆ ಬೀಗ ತೆಗೆಸಿ. ಯಾರು ಬರುತ್ತಾರೆ ನೋಡಿ.

ಕಳೆದ ವಾರ ಒಂದು ಕುಟುಂಬ ಬಂದಿತ್ತು. ಮೂರು ಮಹಡಿ, ಕೆಳಗೆ ಪೂರ್ತಿ ಪಾರ್ಕಿಂಗ್, ಎರಡು ಕಾರು. ಅತ್ತೆಗೆ ಎಪ್ಪತ್ತೊಂದು ವರ್ಷ ಅಂತ ಸೊಸೆ ಮಾತಿನ ಮಧ್ಯೆ ಹೇಳಿದರು. ನಾನು ಪೆನ್ಸಿಲ್ಲಿನಲ್ಲಿ ಒಂದು ಕಾರಿನ ಜಾಗದಲ್ಲಿ ಕೋಣೆ ಬರೆದು ತೋರಿಸಿದೆ. ಗಂಡ ಹೆಂಡತಿ ಸುಮಾರು ಹೊತ್ತು ಸುಮ್ಮನಿದ್ದರು. ನಿನ್ನೆ ಫೋನ್ ಬಂತು, ಒಂದು ಕಾರು ಮಾರುತ್ತಾರಂತೆ. ಎರಡು ಕಾಲಂ ಜಾಗ ಬದಲಾಗಬೇಕು, ಇವತ್ತು ಅದನ್ನೇ ಬರೆಯುತ್ತಾ ಕೂತಿದ್ದೇನೆ.