ಗೊರೂರಿನ ‘ಪಿರಾನ್ಹಾ’ಗೆ ಮೊದಲು ಬಾಯಿ ಬಿಡಿಸಿ

ಕೆರೆಗಳು ಕೋಡಿ ಬೀಳುವ ಹೊತ್ತಿಗೆ ಹಾಸನದ ವಾಟ್ಸಾಪ್ ಗುಂಪುಗಳಿಗೆ ಒಂದು ಫೋಟೋ ಬರುವುದುಂಟು. ಅಗಲ ಮೈ, ಬೂದು ಬೆನ್ನು, ಕೆಂಪು ಹೊಟ್ಟೆಯ ಮೀನು. ಕೆಳಗೆ ‘ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಪಿರಾನ್ಹಾ, ಮಕ್ಕಳನ್ನು ನೀರಿಗೆ ಇಳಿಸಬೇಡಿ’ ಅಂತ ಒಂದು ಸಾಲು. ನನಗೂ ಯಾರಾದರೂ ಕಳಿಸುತ್ತಾರೆ. ನಾನು ಕೇಳುವುದು ಇಷ್ಟೇ: ತುಟಿ ಮೇಲೆತ್ತಿ ಇನ್ನೊಂದು ಫೋಟೋ ತೆಗೀತೀರಾ?

ಹೊಟ್ಟೆಯ ಬಣ್ಣ ನೋಡಿ ಹೆಸರಿಟ್ಟರೆ ಎಡವುವುದು ಗ್ಯಾರಂಟಿ. ಕೆಂಪು ಹೊಟ್ಟೆಯ ಪಿರಾನ್ಹಾ ಇದೆ, ಕೆಂಪು ಹೊಟ್ಟೆಯ ಪಾಕು ಕೂಡ ಇದೆ. ಎರಡೂ ದಕ್ಷಿಣ ಅಮೆರಿಕದ ಬೆಚ್ಚನೆ ನದಿಗಳ ಮೀನುಗಳು, ಹತ್ತಿರದ ಸಂಬಂಧಿಗಳು. ಪಾಕು ಮರಿಗಳ ಮೈಮೇಲೆ ಚುಕ್ಕೆಗಳೂ ಇರುವುದರಿಂದ ಅವು ಪಿರಾನ್ಹಾ ಮರಿಗಳಂತೆಯೇ ಕಾಣುತ್ತವೆ. ಇದೇ ಪಾಕುವನ್ನು ನಮ್ಮ ಮೀನಂಗಡಿಗಳಲ್ಲಿ ರೂಪ್‌ಚಂದ್ ಅನ್ನುತ್ತಾರೆ. ಪಿರಾನ್ಹಾ ಅಂತ ಹೆದರಿ ಫೋಟೋ ಮುಂದಕ್ಕೆ ಕಳಿಸಿದವರು ಅದೇ ಭಾನುವಾರ ರೂಪ್‌ಚಂದ್ ಫ್ರೈ ತಿಂದಿರಲೂಬಹುದು.

ಹಲ್ಲು ಮಾತ್ರ ಸುಳ್ಳು ಹೇಳುವುದಿಲ್ಲ. ಪಿರಾನ್ಹಾದ ಮೇಲಿನ ದವಡೆಯಲ್ಲಿ ಒಂದೇ ಸಾಲು ಹಲ್ಲು. ಪ್ರತಿ ಹಲ್ಲೂ ತ್ರಿಕೋನ, ಅಂಚು ಬ್ಲೇಡಿನಷ್ಟು ಚೂಪು. ಕೆಳದವಡೆ ಮುಂದಕ್ಕೆ ಚಾಚಿರುತ್ತದೆ. ಪಾಕುವಿನ ಮೇಲಿನ ದವಡೆಯಲ್ಲಿ ಎರಡು ಸಾಲು. ಹಲ್ಲುಗಳು ಅಗಲ, ಮೊಂಡು, ಹೆಚ್ಚುಕಡಿಮೆ ನಮ್ಮವರ ದವಡೆ ಹಲ್ಲುಗಳೇ. ಕೆಳಗಿನ ಸಾಲಿನ ಹಿಂದೆ, ಸರಿಯಾಗಿ ನಡುವಿನಲ್ಲಿ, ಇನ್ನೆರಡು ಪುಟ್ಟ ಹಲ್ಲುಗಳು ಅಡಗಿರುತ್ತವೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೆಳತುಟಿ ಒತ್ತಿದರೆ ಕಾಣುತ್ತವೆ. ಬಟ್ಟೆ ಯಾಕೆಂದರೆ ಪಾಕು ಕೂಡ ಸಿಕ್ಕರೆ ಕಚ್ಚುತ್ತದೆ, ಸುಮ್ನೆ ಬಿಡುವುದಿಲ್ಲ.

ಈ ಹಲ್ಲುಗಳ ವಿಷಯಕ್ಕೆ ಬಂದರೆ ನನಗೆ ನಿಲ್ಲಿಸುವುದು ಕಷ್ಟ. ಪಿರಾನ್ಹಾಗೂ ಪಾಕುಗೂ ಹಲ್ಲು ಒಂದೊಂದಾಗಿ ಉದುರುವುದಿಲ್ಲ. ದವಡೆಯ ಒಂದು ಪಕ್ಕದ ಹಲ್ಲುಗಳೆಲ್ಲ ಒಟ್ಟಿಗೇ ಬೀಳುತ್ತವೆ. ಮ್ಯೂಸಿಯಂಗಳಲ್ಲಿ ಕಾಪಿಟ್ಟ ಮೀನುಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿ 2019ರಲ್ಲಿ ವಿಜ್ಞಾನಿಗಳು ಇದನ್ನು ವಿವರವಾಗಿ ತೋರಿಸಿದರು. ಕಾರಣ ಹಲ್ಲುಗಳ ಜೋಡಣೆಯಲ್ಲಿದೆ. ಮಲೆನಾಡಿನ ಮನೆಗಳ ಮಂಗಳೂರು ಹೆಂಚು ನೋಡಿದ್ದೀರಲ್ವಾ? ಒಂದು ಹೆಂಚಿನ ಏಣು ಪಕ್ಕದ್ದರ ತೋಡಿನಲ್ಲಿ ಕೂತಿರುತ್ತದೆ. ಈ ಮೀನುಗಳ ಹಲ್ಲೂ ಹಾಗೇ, ಪಕ್ಕದ ಹಲ್ಲಿಗೆ ಕೊಂಡಿ ಹಾಕಿಕೊಂಡಿರುತ್ತವೆ. ಕಚ್ಚಿದ ಭಾರ ಒಂದೇ ಹಲ್ಲಿನ ಮೇಲೆ ಬೀಳದೆ ಸಾಲಿಗೆಲ್ಲ ಹಂಚಿಹೋಗುತ್ತದೆ. ನಡುವಿನ ಒಂದನ್ನು ಮಾತ್ರ ಬದಲಿಸಿದರೆ ಆ ಕೊಂಡಿಯೇ ಕಳಚುತ್ತದೆ. ಅದಕ್ಕೇ ಹಳೆ ಸಾಲಿನ ಅಡಿಯಲ್ಲಿ, ದವಡೆಯೊಳಗೆ, ಹೊಸ ಸಾಲು ಪೂರ್ತಿ ತಯಾರಾಗಿ ಕಾಯುತ್ತದೆ. ಎಡಗಡೆ ಬದಲಾಗುವಾಗ ಬಲಗಡೆ ಊಟಕ್ಕೆ ಇದ್ದೇ ಇರುತ್ತದೆ.

ಇಷ್ಟು ಗಟ್ಟಿ ದವಡೆ ಬೇಕಾಗಿರುವುದು ಮನುಷ್ಯರನ್ನು ತಿನ್ನಲಿಕ್ಕಲ್ಲ. ಅಮೆಜಾನ್ ಉಕ್ಕಿದಾಗ ಮೈಲಿಗಟ್ಟಲೆ ಕಾಡಿನೊಳಕ್ಕೆ ನೀರು ನುಗ್ಗುತ್ತದೆ. ಪಾಕುಗಳು ಮರಗಳ ನಡುವೆ ಈಜುತ್ತಾ ನೀರಿಗೆ ಬಿದ್ದ ಹಣ್ಣು, ಬೀಜ ತಿನ್ನುತ್ತವೆ. ರಬ್ಬರ್ ಮರದ ಗಟ್ಟಿ ಬೀಜವನ್ನೂ ಒಡೆಯುತ್ತವೆ. ಒಡೆಯದೆ ನುಂಗಿದ ಬೀಜಗಳು ದೂರದಲ್ಲಿ ಹೊರಬಿದ್ದು ಮೊಳೆಯುತ್ತವೆ.

ಪಿರಾನ್ಹಾದ ಭಯವನ್ನು ಜಗತ್ತಿಗೆ ಹಂಚಿದವರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮುಖ್ಯರು. 1913-14ರಲ್ಲಿ ಬ್ರೆಜಿಲ್ ಕಾಡು ಸುತ್ತಿ ಬಂದ ಅವರು, ಜಗತ್ತಿನಲ್ಲೇ ಇಷ್ಟು ಕ್ರೂರ ಮೀನು ಇನ್ನೊಂದಿಲ್ಲ ಅಂತ ಬರೆದರು. ಸಿನಿಮಾದವರು ಅದಕ್ಕೆ ಒಗ್ಗರಣೆ ಹಾಕಿದರು. ಬ್ರೆಜಿಲ್‌ನ ಅಣೆಕಟ್ಟುಗಳ ಹಿನ್ನೀರಿನಲ್ಲಿ ಈಜುವವರಿಗೆ ಪಿರಾನ್ಹಾ ಕಚ್ಚುವುದು ನಿಜ. ಅದು ಹೆಚ್ಚಾಗಿ ಮೊಟ್ಟೆ ಕಾಯುವ ಮೀನು ಕಾಲಿಗೆ ಹಾಕುವ ಒಂದೇ ಒಂದು ಬಾಯಿ. ನಿಮಿಷದಲ್ಲಿ ಮೂಳೆ ಮಾತ್ರ ಉಳಿಸುವ ಕಥೆ ಬೇರೆ. ಪಾಕುವಿನ ಹೆಸರು ಕೆಟ್ಟಿದ್ದು ಇತ್ತೀಚೆಗೆ. 2013ರ ಆಗಸ್ಟ್‌ನಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಓರೆಸುಂಡ್ ಜಲಸಂಧಿಯಲ್ಲಿ ಒಂದು ಪಾಕು ಬಲೆಗೆ ಬಿತ್ತು. ಕೋಪನ್‌ಹೇಗನ್ನಿನ ಮ್ಯೂಸಿಯಂ ತಜ್ಞರು, ಗಂಡಸರು ಚಡ್ಡಿ ಬಿಗಿಯಾಗಿ ಹಾಕಿಕೊಂಡು ಈಜಲಿ ಅಂತ ತಮಾಷೆ ಮಾಡಿದರು. ಪತ್ರಿಕೆಗಳು ಅದನ್ನೇ ಎಚ್ಚರಿಕೆ ಅಂತ ಜಗತ್ತಿಗೆಲ್ಲ ಸಾರಿಬಿಟ್ಟವು!

ಡೆನ್ಮಾರ್ಕಿನ ಮೀನು ಯಾರೋ ಅಕ್ವೇರಿಯಂನಿಂದ ಬಿಟ್ಟದ್ದಿರಬೇಕು. ನಮ್ಮದರ ದಾರಿ ಇನ್ನೂ ಸಲೀಸು. 2003-04ರ ಹೊತ್ತಿಗೆ ಬಾಂಗ್ಲಾದೇಶದಿಂದ ಪಶ್ಚಿಮ ಬಂಗಾಳಕ್ಕೆ ಬಂದ ಪಾಕು, ಬೇಗ ಬೆಳೆಯುತ್ತದೆ, ಸಿಕ್ಕಿದ್ದನ್ನು ತಿನ್ನುತ್ತದೆ ಅನ್ನುವ ಕಾರಣಕ್ಕೆ ದೇಶದ ಮೀನುಹೊಂಡಗಳಿಗೆ ಹಬ್ಬಿತು. ಒಂದು ಹೊಂಡ ತುಂಬಿ ಹರಿದರೆ ಹಳ್ಳ, ಹಳ್ಳದಿಂದ ಕೆರೆ, ಕೆರೆಯ ಕೋಡಿಯಿಂದ ಯಗಚಿ, ಯಗಚಿಯಿಂದ ಹೇಮಾವತಿ. ಕೆರೆಗೆ ಬಿಡಲು ತರಿಸಿದ ಬಿತ್ತನೆ ಮರಿಗಳ ನಡುವೆ ಬೆರೆತು ಬರುವ ಸಾಧ್ಯತೆಯೂ ಇದೆ. ಹಾಗಂತ ಪರದೇಶಿ ಮೀನು ಅಂತ ಇದೊಂದನ್ನೇ ಬೈಯುವುದೂ ಸರಿಯಲ್ಲ. ನಾವು ಜಿಲೇಬಿ ಅಂತ ತಿನ್ನುವ ತಿಲಾಪಿಯಾ ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ಬಂದದ್ದು. ಕಾಟ್ಲಾ, ರೋಹು ಗಂಗೆಯ ಕಡೆಯವು. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿಗೆ ಬಾಯಿ ತೆರೆಯುವ ಮಹಶೀರ್‌ಗಳು ಮಾತ್ರ ಇಲ್ಲಿನವೇ.

ಅಂಗಡಿಯಲ್ಲಿ ರೂಪ್‌ಚಂದನ್ನು ಪಾಂಫ್ರೆಟ್ ಅಂತ ಮಾರುವವರೂ ಇದ್ದಾರೆ. ಈ ಮೋಸ ಹಿಡಿಯುವುದು ಸುಲಭ. ರೂಪ್‌ಚಂದಿನ ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಮುಳ್ಳಿಲ್ಲದ, ಮೆತ್ತಗಿನ ಪುಟ್ಟ ರೆಕ್ಕೆ ಇರುತ್ತದೆ. ಹೊಟ್ಟೆಯಡಿ ಒಂದು ಜೊತೆ ರೆಕ್ಕೆಗಳಿರುತ್ತವೆ. ಸಮುದ್ರದ ಬಿಳಿ ಪಾಂಫ್ರೆಟ್‌ಗೆ ಈ ಎರಡೂ ಇಲ್ಲ. ಕಾಟ್ಲಾ, ಜಿಲೇಬಿಗಳಿಗೂ ಬೆನ್ನಿನ ಆ ಪುಟ್ಟ ರೆಕ್ಕೆ ಇಲ್ಲ.

‘ಬಡವರ ಊಟಿ’ ಅನ್ನಿಸಿಕೊಂಡ ಹಾಸನದಲ್ಲಿ ಅಮೆಜಾನ್ ಮೀನು ಹೇಗೆ ಬದುಕುತ್ತೆ ಅಂತ ಕೇಳುವವರಿದ್ದಾರೆ. ಡಿಸೆಂಬರ್ ಬೆಳಗ್ಗೆ ನಾವು ಸ್ವೆಟರ್ ಹಾಕಿಕೊಳ್ಳುವುದು ಗಾಳಿ ತಣ್ಣಗಿರುವುದಕ್ಕೆ. ನೀರು ಬಿಸಿಯಾಗುವುದೂ ನಿಧಾನ, ಆರುವುದೂ ನಿಧಾನ. ಶೆಟ್ಟಿಹಳ್ಳಿ ಚರ್ಚನ್ನು ಮುಳುಗಿಸುವಷ್ಟು ದೊಡ್ಡ ಹಿನ್ನೀರು ಒಂದು ರಾತ್ರಿಯ ಚಳಿಗೆ ಅಲ್ಲಾಡುವುದಿಲ್ಲ. ಪಾಕು ಚಳಿಗಾಲದಲ್ಲಿ ಮೇವು ಕಡಿಮೆ ಮಾಡಿ ಮಂಕಾಗಬಹುದು, ಸಾಯಬೇಕಾಗಿಲ್ಲ. ಡೆನ್ಮಾರ್ಕಿನ ಚಳಿಗಾಲದಲ್ಲಿ ಅದರ ಆಟ ನಡೆಯದು.

ಬದುಕುವುದು ಬೇರೆ, ಮರಿ ಮಾಡುವುದು ಬೇರೆ. ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಇದು. ನಿಂತ ನೀರಿನ ಹೊಂಡದಲ್ಲಿ ಪಾಕು ತಾನಾಗಿ ಮೊಟ್ಟೆ ಇಡುವುದಿಲ್ಲ. ಮರಿ ಕೇಂದ್ರಗಳಲ್ಲಿ ಹಾರ್ಮೋನ್ ಚುಚ್ಚುಮದ್ದು ಕೊಡಲೇಬೇಕು. ಅದರ ತವರಿನಲ್ಲಿ ಏರುವ ಪ್ರವಾಹವೇ ಆ ಕೆಲಸ ಮಾಡುತ್ತದೆ. ಮೂಡಿಗೆರೆ, ಸಕಲೇಶಪುರದ ಮಳೆಗೆ ಹೇಮಾವತಿಯೂ ಜೋರಾಗಿಯೇ ಏರುತ್ತದೆ; ಪಾಕು ಇಲ್ಲಿಯೂ ಮೊಟ್ಟೆ ಇಡಲು ಅದು ಸಾಕಾದೀತೇ ಅನ್ನುವುದೇ ಪ್ರಶ್ನೆ. ಒಂದೆರಡು ಕಿಲೋದ ಮೀನು ಸಿಕ್ಕರೆ ಅದು ತಪ್ಪಿಸಿಕೊಂಡು ಬಂದದ್ದು ಅಂದುಕೊಳ್ಳಬಹುದು. ಬೆರಳುದ್ದದ ಚುಕ್ಕೆ ಮರಿಗಳು ಬೇರೆ ಬೇರೆ ಅಳತೆಯಲ್ಲಿ, ಹತ್ತಿರದಲ್ಲಿ ಸಾಕಣೆಯೇ ಇಲ್ಲದ ಕಡೆ, ವರ್ಷ ವರ್ಷವೂ ಬಲೆಗೆ ಬೀಳತೊಡಗಿದರೆ ಮೀನುಗಾರಿಕೆ ಇಲಾಖೆಗೆ ತಿಳಿಸಿ. ಹಿಡಿದದ್ದನ್ನು ಅಯ್ಯೋ ಪಾಪ ಅಂತ ಮತ್ತೆ ನೀರಿಗೆ ಬಿಡಬೇಡಿ. ಪಕ್ಕದಿಂದ ಒಂದು ಫೋಟೋ, ಬಾಯಿ ತೆರೆಸಿ ಒಂದು, ಜೊತೆಗೆ ಸಿಕ್ಕ ಜಾಗ, ದಿನ. ಹೊಟ್ಟೆ ಸೀಳುವಾಗ ಒಳಗೆ ಮೊಟ್ಟೆ ಕಂಡರೆ ಅದನ್ನೂ ಬರೆದಿಡಿ. ಆಮೇಲೆ ಮಸಾಲೆ ಹಚ್ಚಲು ಅಡ್ಡಿಯಿಲ್ಲ.