ಗಲ್ಲಿನ ಕೈದಿಯ ಸೆಲ್ ಮುಂದೆ ಕಾವಲಿರುವವರು

ಗಲ್ಲು ಶಿಕ್ಷೆಯ ಮಾತು ಬಂದಾಗಲೆಲ್ಲ ಜನ ಕೇಳುವುದು ಲಿವರ್ ಎಳೆಯುವವನ ಬಗ್ಗೆ. 2020ರ ಮಾರ್ಚ್ 20ರಂದು ದೆಹಲಿಯ ತಿಹಾರ್ ಜೈಲಿನಲ್ಲಿ ನಿರ್ಭಯಾ ಪ್ರಕರಣದ ನಾಲ್ವರನ್ನು ಗಲ್ಲಿಗೇರಿಸಿದಾಗ ಆತ ಮೀರತ್‌ನಿಂದ ಬಂದಿದ್ದ, ಕೆಲಸ ಮುಗಿಸಿ ಹೊರಟ. ಕೈದಿಗಳನ್ನು ಕಾಯುವ ವಾರ್ಡರ್‌ಗಳು ಮಾತ್ರ ಅದೇ ಆವರಣದಲ್ಲಿ ಡ್ಯೂಟಿ ಮುಂದುವರಿಸಬೇಕು. ಅವರ ಮನಸ್ಸಿಗೆ ಆಗುವ ಗಾಯ ಆ ಒಂದು ಬೆಳಗಿನದಲ್ಲ. ಅದು ಬಹಳ ಹಿಂದೆ, ಕಾವಲಿನಲ್ಲೇ ಶುರುವಾಗಿರುತ್ತದೆ.

1894ರ ಕಾರಾಗೃಹ ಕಾಯ್ದೆಯ 30ನೇ ಕಲಂ ಪ್ರಕಾರ ಮರಣದಂಡನೆಯ ಕೈದಿಯನ್ನು ಬೇರೆ ಸೆಲ್‌ನಲ್ಲಿಟ್ಟು ಹಗಲಿರುಳು ಕಾಯಬೇಕು. ಶಿಕ್ಷೆ ಅಂತಿಮವಾಗುವ ಮೊದಲೇ ಹೀಗೆ ಪ್ರತ್ಯೇಕಿಸಬಾರದೆಂದು ಸುಪ್ರೀಂ ಕೋರ್ಟಿನ 1978ರ ಸುನಿಲ್ ಬಾತ್ರಾ ತೀರ್ಪು ಹೇಳಿತು. ಆದರೂ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಒಬ್ಬ ಕೈದಿ 2006ರಿಂದ 2016ರವರೆಗೆ ಒಂಟಿ ಸೆಲ್‌ನಲ್ಲಿದ್ದ. ಅದೇ ಕಾರಣಕ್ಕೆ ಸುಪ್ರೀಂ ಕೋರ್ಟ್ 2022ರಲ್ಲಿ ಅವನ ಗಲ್ಲನ್ನು ಜೀವಾವಧಿಗೆ ಇಳಿಸಿತು. ಸೆಲ್‌ನ ಒಳಗೆ ಒಬ್ಬ ವರ್ಷಗಟ್ಟಲೆ ಇದ್ದರೆ, ಹೊರಗೂ ಪಾಳಿಯ ಮೇಲೆ ಯಾರೋ ಇದ್ದೇ ಇರುತ್ತಾರೆ.

ಕಾವಲಿನ ಮುಖ್ಯ ಉದ್ದೇಶ ಆತ್ಮಹತ್ಯೆ ತಡೆಯುವುದು. ಹಾಗಾಗಿ ಕೈದಿ ಉಂಡನೇ, ಮಲಗಿದನೇ, ಮುಲಾಕಾತ್ (ಮನೆಯವರ ಭೇಟಿ) ಮುಗಿಸಿ ಬಂದು ಅತ್ತನೇ ಎಂದು ವಾರ್ಡರ್ ಗಮನಿಸುತ್ತಲೇ ಇರಬೇಕು. ಇಷ್ಟು ಹತ್ತಿರದಿಂದ ನೋಡಿದವನ ಜೊತೆ ಸಲುಗೆ ಬೆಳೆಯದೆ ಇರುವುದು ಕಷ್ಟ. ಅವನನ್ನು ಜೀವಂತ ಉಳಿಸುವುದೇ ಕೆಲಸವೆಂದುಕೊಂಡವನು ಕೊನೆಗೊಂದು ದಿನ ಅವನ ಕೈ ಕಟ್ಟಿ ನಡೆಸಿಕೊಂಡು ಹೋಗಬೇಕು. ನೈತಿಕ ಗಾಯ ಎಂದು ಕರೆಯುವುದು ಇದನ್ನೇ. ಭಯದಿಂದ ಬರುವ ಆಘಾತಕ್ಕಿಂತ ಇದು ಬೇರೆ. ಇಲ್ಲಿ ಅಪರಾಧಿ ಭಾವ, ನಾಚಿಕೆ, ಮನೆಯವರೊಡನೆ ಮಾತು ಬಿಡುವುದು, ಕುಡಿತ ಮುಂದಾಗಿ ಕಾಣುತ್ತವೆ.

ತಯಾರಿಯೂ ಮನಸ್ಸನ್ನು ಅರೆಯುತ್ತದೆ. ಕೈದಿಯ ತೂಕ ನೋಡಿ ಬೀಳುವ ಆಳ ನಿಗದಿಯಾಗುತ್ತದೆ: ದೆಹಲಿಯ ನಿಯಮದಂತೆ 1.83ರಿಂದ 2.44 ಮೀಟರ್, ತೂಕ ಕಡಿಮೆಯಿದ್ದಷ್ಟು ಆಳ ಹೆಚ್ಚು. ಅವನ ತೂಕದ ಒಂದೂವರೆ ಪಟ್ಟು ಮರಳು ಚೀಲ ಬೀಳಿಸಿ ಹಗ್ಗ ಪರೀಕ್ಷಿಸುತ್ತಾರೆ. ಆಳ ಕಡಿಮೆಯಾದರೆ ಕತ್ತು ಮುರಿಯದೆ ಉಸಿರುಗಟ್ಟಿ ಒದ್ದಾಡುತ್ತಾನೆ, ಹೆಚ್ಚಾದರೆ ರುಂಡವೇ ಬೇರೆಯಾದೀತು. ಲೆಕ್ಕ ತಪ್ಪಿದರೆ ಎಂಬ ಭಯ ಅಧಿಕಾರಿಗಳ ನಿದ್ದೆ ಕೆಡಿಸುತ್ತದೆ. ಬಿದ್ದ ಮೇಲೂ ದೇಹ ಅರ್ಧ ಗಂಟೆ ತೂಗುತ್ತಿರಬೇಕು. ಪ್ರಾಣ ಉಳಿಸಲು ಕಲಿತ ವೈದ್ಯ ಸಾವನ್ನು ಖಚಿತಪಡಿಸಲು ಕಾಯುತ್ತ ನಿಲ್ಲಬೇಕು.

ಮುಂದೂಡಿಕೆ ಇನ್ನೂ ಕೆಟ್ಟದ್ದು. ತಿಹಾರ್ ಪ್ರಕರಣದಲ್ಲಿ ಜನವರಿ 22, ಫೆಬ್ರವರಿ 1, ಮಾರ್ಚ್ 3 ಎಂದು ಮೂರು ದಿನಾಂಕ ಗೊತ್ತಾಗಿ ತಪ್ಪಿದವು. ಮುಂದೂಡುವುದು ಕೈದಿಯ ಹಕ್ಕು, ಅದರಲ್ಲಿ ತಕರಾರಿಲ್ಲ. ಆದರೆ ಪ್ರತಿ ಸಲವೂ ಸಿಬ್ಬಂದಿ ಮನಸ್ಸನ್ನು ಬಿಗಿಹಿಡಿದು ಸಜ್ಜಾಗುತ್ತಾರೆ. ಆ ಬಿಗಿ ಸಡಿಲಿಸಲು ಯಾರೂ ನೆರವಾಗುವುದಿಲ್ಲ.

ಹೊಣೆಯನ್ನು ಹಂಚುವುದು ಹಳೆಯ ಉಪಾಯ. ಜಪಾನಿನಲ್ಲಿ ಹಲವು ಅಧಿಕಾರಿಗಳು ಒಟ್ಟಿಗೆ ಗುಂಡಿ ಒತ್ತುತ್ತಾರೆ, ಯಾರ ಗುಂಡಿ ಕೈದಿಯ ಕಾಲಡಿಯ ಬಾಗಿಲು ತೆರೆಯಿತೆಂದು ತಿಳಿಯುವುದಿಲ್ಲ. ಅಮೆರಿಕದ ದಕ್ಷಿಣದ ಮೂರು ರಾಜ್ಯಗಳ 246 ಜೈಲು ಸಿಬ್ಬಂದಿಯ ಕುರಿತು ಮೈಕೆಲ್ ಒಸೊಫ್ಸ್ಕಿ, ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಮೊದಲಾದವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಕ್ಷೆ ಜಾರಿ ತಂಡದವರೇ ತಮ್ಮ ಹೊಣೆಯನ್ನು ಅತಿ ಹೆಚ್ಚು ಅಲ್ಲಗಳೆದಿದ್ದರು. ಕೆಲಸ ಮುಗಿಸಲು ಇದು ಸಾಕು. ಆದರೆ ತನ್ನ ಪಾಲೇ ಇಲ್ಲ ಎಂದುಕೊಂಡವನು ಮುಂದೆ ನೋವಾದಾಗ ಸಹಾಯ ಕೇಳುವುದು ಯಾವ ಬಾಯಿಂದ?

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ದೀರ್ಘಕಾಲ ಆ ಸೆಲ್ ಕಾಯ್ದವರನ್ನು ಜಾರಿ ತಂಡಕ್ಕೆ ಹಾಕಲೇಬಾರದು. ಮನೆಯಲ್ಲಿ ಇತ್ತೀಚೆಗೆ ಸಾವಾದವರಿಗೂ, ಬೇಡವೆಂದವರಿಗೂ ಕಾರಣ ಕೇಳದೆ ಬಿಡುಗಡೆ ಕೊಡಬೇಕು. ಘಟನೆಯ ಮರುದಿನವೇ ಎಲ್ಲರನ್ನೂ ಕೂರಿಸಿ ಕಡ್ಡಾಯವಾಗಿ ಮಾತಾಡಿಸುವ ಒಂದೇ ಬೈಠಕ್ಕು ಬೇಡ. ಅದರಿಂದ ಆಘಾತದ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು. ಮೊದಲ ವಾರ ರಜೆ, ನಿದ್ದೆ, ಮನೆಯವರ ಜೊತೆ ಇರುವುದು ಸಾಕು. ಲಕ್ಷಣಗಳು ತಿಂಗಳು ದಾಟಿದರೆ ಮಾತ್ರ ಆಘಾತೋತ್ತರ ಕಾಯಿಲೆ ಎಂದು ಗುರುತಿಸುವುದರಿಂದ, ಒಂದು ತಿಂಗಳಾದಾಗ, ಮೂರು ತಿಂಗಳಾದಾಗ, ವರ್ಷವಾದಾಗ ಮತ್ತೆ ವಿಚಾರಿಸಬೇಕು. ವಿಚಾರಿಸುವವರು ಇಲಾಖೆಯ ಹೊರಗಿನವರಾಗಿರಲಿ. ಸರ್ವಿಸ್ ರಿಜಿಸ್ಟರಿನಲ್ಲಿ ಒಂದಕ್ಷರವೂ ದಾಖಲಾಗದು ಎಂಬ ಲಿಖಿತ ಭರವಸೆ ಇಲ್ಲದಿದ್ದರೆ ಯಾವ ವಾರ್ಡರ್ ಕೂಡ ಬಾಯಿ ಬಿಡಲಾರ. ಸದ್ಯಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮುಂದೂಡಿದ ಪ್ರತಿ ದಿನಾಂಕದ ನಂತರವೂ ಈ ಕ್ರಮಗಳೆಲ್ಲ ಅನ್ವಯವಾಗಬೇಕು.