ಉಲಾನ್ ಉದೆಗೆ ಹೋದರೆ ಬೈಕಲ್ ಸರೋವರ ಸಿಗುತ್ತಾ?

ಪ್ರಶ್ನೆ: ಸೈಬೀರಿಯಾದ ಉಲಾನ್ ಉದೆಯಲ್ಲಿ ಬೌದ್ಧ ಗುಡಿಗಳಿವೆ, ಪಕ್ಕದಲ್ಲೇ ಬೈಕಲ್ ಸರೋವರ ಇದೆ ಅಂತ ಕೇಳಿದ್ದೇನೆ. ಎರಡು ದಿನದಲ್ಲಿ ಎರಡನ್ನೂ ನೋಡಬಹುದಾ?

ಉತ್ತರ: ಗುಡಿ ನೋಡಬಹುದು. ಅದರ ಜೊತೆ ಸರೋವರವನ್ನೂ ನೋಡಲು ಎರಡು ದಿನ ಸಾಲದು. ಎಡವಟ್ಟು ಇರುವುದು ಆ "ಪಕ್ಕದಲ್ಲೇ" ಅನ್ನುವ ಮಾತಿನಲ್ಲಿ. ಊರಲ್ಲಿ ಹರಿಯುವುದು ಸೆಲೆಂಗಾ ಮತ್ತು ಉದಾ ನದಿಗಳು. ಬೈಕಲ್ ದಡ ಮುಟ್ಟಬೇಕಾದರೆ ರಸ್ತೆಯಲ್ಲಿ ನೂರು ಕಿಲೋಮೀಟರಿಗಿಂತ ಜಾಸ್ತಿ ಹೋಗಬೇಕು. ಸೈಬೀರಿಯಾದವರಿಗೆ ಅದು ಪಕ್ಕವೇ ಬಿಡಿ!

ನನ್ನ ಸಲಹೆ ಕೇಳಿದರೆ, ಮೊದಲು ಇರ್ಕುಟ್ಸ್ಕ್ ತಲುಪಿ ಅಲ್ಲಿಂದ ಹಗಲು ಓಡುವ ರೈಲು ಹಿಡಿಯಿರಿ. ಉಲಾನ್ ಉದೆಗೆ ಸುಮಾರು 450 ಕಿಲೋಮೀಟರ್, ಏಳೆಂಟು ಗಂಟೆಯ ದಾರಿ. ಸ್ಲುದ್ಯಾಂಕಾ ಸ್ಟೇಷನ್ ಬಂದ ಮೇಲೆ ಟ್ರಾನ್ಸ್ ಸೈಬೀರಿಯನ್ ಹಳಿ ಗಂಟೆಗಟ್ಟಲೆ ನೀರಿನ ಅಂಚಿನಲ್ಲೇ ಸಾಗುತ್ತದೆ. ರೈಲು ಹೋಗುವ ದಿಕ್ಕಿಗೆ ಎಡಗಡೆ ಕಿಟಕಿ ನಿಮ್ಮದಾಗಿರಲಿ. ಬಲಗಡೆ ಕೂತರೆ ಗುಡ್ಡ, ಬರ್ಚ್ ಮರ ಅಷ್ಟೇ. ರಾತ್ರಿ ರೈಲು ಹತ್ತಿದರೆ ಅದೂ ಇಲ್ಲ.

ಆಮೇಲೆ ಊರಿಗೆ ಎರಡು ದಿನ, ಬೈಕಲ್‌ನ ಪೂರ್ವ ದಡಕ್ಕೆ ಎರಡು ದಿನ ಇಟ್ಟುಕೊಳ್ಳಿ.

ಊರಿನ ಮುಖ್ಯ ಚೌಕದಲ್ಲಿ ಲೆನಿನ್ನನ ತಲೆ ಇದೆ. ದೇಹ ಇಲ್ಲ, ಬರೀ ತಲೆ. ಎತ್ತರ 7.7 ಮೀಟರ್, ತೂಕ 42 ಟನ್. ಒಂದು ಫೋಟೋ ತೆಗೆದುಕೊಂಡು ಮುಂದೆ ಹೋಗಿ. ನಿಜವಾಗಿ ಹೊತ್ತು ಕಳೆಯಬೇಕಾದ್ದು ಊರಿಂದ ಸುಮಾರು 30 ಕಿಲೋಮೀಟರ್ ಆಚೆಯ ಇವೊಲ್ಗಿನ್ಸ್ಕಿ ದತ್ಸಾನ್‌ನಲ್ಲಿ. ದತ್ಸಾನ್ ಅಂದರೆ ಇಲ್ಲಿನ ಬುರ್ಯಾತ್ ಜನರ ಬೌದ್ಧ ಮಠ. 1930ರ ದಶಕದಲ್ಲಿ ಸೋವಿಯತ್ ಸರ್ಕಾರ ಈ ನಾಡಿನ ಮಠಗಳನ್ನೆಲ್ಲ ಮುಚ್ಚಿಸಿತ್ತು, ಲಾಮಾಗಳನ್ನು ಜೈಲಿಗೆ ತಳ್ಳಿತ್ತು. ಅಂಥದ್ದರಲ್ಲಿ 1945ರಲ್ಲಿ, ಸ್ಟಾಲಿನ್ ಇನ್ನೂ ಬದುಕಿದ್ದಾಗಲೇ, ಈ ಮಠಕ್ಕೆ ಅನುಮತಿ ಸಿಕ್ಕಿತು.

ಇಲ್ಲಿ ಪ್ರದಕ್ಷಿಣೆ ನಮ್ಮ ಗುಡಿಗಳ ಹಾಗೇ ಎಡದಿಂದ ಬಲಕ್ಕೆ. ದಾರಿಯುದ್ದಕ್ಕೂ ಪ್ರಾರ್ಥನೆಯ ಚಕ್ರಗಳಿವೆ, ಒಂದೊಂದನ್ನೇ ತಿರುಗಿಸುತ್ತಾ ನಡೆಯುತ್ತಾರೆ. ಬೋಧಿ ಮರವೂ ಇದೆ, ಆದರೆ ಗಾಜಿನ ಮನೆಯೊಳಗೆ. ಜನವರಿಯಲ್ಲಿ ಮೈನಸ್ 25 ಡಿಗ್ರಿಗೆ ಇಳಿಯುವ ಊರಲ್ಲಿ ಅರಳಿ ಮರ ಹೊರಗೆ ಬದುಕೀತಾ?

ಜನ ದೂರದಿಂದ ಬರುವುದು ಬುರ್ಯಾತ್ ಬೌದ್ಧರ ಗುರುವಾಗಿದ್ದ ಇತಿಗಿಲೋವ್ ಲಾಮಾ ಅವರ ದರ್ಶನಕ್ಕೆ. 1927ರಲ್ಲಿ ಪದ್ಮಾಸನದಲ್ಲಿ ಕೂತೇ ತೀರಿಕೊಂಡರು. 2002ರಲ್ಲಿ ಪೆಟ್ಟಿಗೆ ಹೊರತೆಗೆದಾಗಲೂ ದೇಹ ಹಾಗೇ ಕೂತಿತ್ತು. ಈಗ ಅದನ್ನು ಮಠದಲ್ಲೇ ಇಟ್ಟಿದ್ದಾರೆ. ನಂಬಿದವರಿಗೆ ಅವರು ಇನ್ನೂ ಧ್ಯಾನದಲ್ಲಿದ್ದಾರೆ. ನಂಬದಿದ್ದರೂ ಒಳಗೆ ಮಾತು ಬೇಡ, ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ.

ಕೆಂಪು ವಸ್ತ್ರದ ಲಾಮಾಗಳನ್ನು ಕಂಡಾಗ ಮುಂಡಗೋಡ ನೆನಪಾದರೆ ಅದು ಸುಮ್ನೆ ಅಲ್ಲ. ಅಲ್ಲಿನ ಡ್ರೆಪುಂಗ್ ಗೋಮಾಂಗ್ ಮಠದಲ್ಲಿ ಬುರ್ಯಾತ್ ಹುಡುಗರು ವರ್ಷಗಟ್ಟಲೆ ಓದುತ್ತಾರೆ. ಯಾರಾದರೂ ಲಾಮಾ ನಿಮ್ಮ ಜೊತೆ ಕರ್ನಾಟಕದ ಮಳೆಗಾಲದ ಮಾತು ತೆಗೆದರೂ ತೆಗೆಯಬಹುದು.

ಊಟದ್ದು ಬೇರೆ ಕಥೆ. ಇಲ್ಲಿನ ತಿಂಡಿ ಬೂಜಾ, ಹಬೆಯಲ್ಲಿ ಬೇಯಿಸಿದ ಮಾಂಸದ ಕಡುಬು. ಮೇಲೆ ಪುಟ್ಟ ಬಾಯಿ ಬಿಟ್ಟಿರುತ್ತಾರೆ. ಕೈಯಲ್ಲಿ ಹಿಡಿದು, ಅಂಚನ್ನು ಕಚ್ಚಿ, ಮೊದಲು ಒಳಗಿನ ಬಿಸಿ ರಸ ಹೀರಬೇಕು, ಆಮೇಲೆ ಉಳಿದದ್ದು. ಫೋರ್ಕ್ ಚುಚ್ಚಿದರೆ ರಸವೆಲ್ಲ ತಟ್ಟೆ ಪಾಲು. ಸಸ್ಯಾಹಾರಿಗಳು ಬ್ರೆಡ್ಡು, ಆಲೂಗಡ್ಡೆ, ಸಲಾಡ್‌ಗೆ ಸಿದ್ಧರಾಗಿ. ಚಟ್ನಿಪುಡಿ, ಅವಲಕ್ಕಿ ಒಯ್ದರೆ ಯಾರೂ ನಗುವುದಿಲ್ಲ.

ಸರೋವರದ ಕಡೆ ಹೊರಟರೆ ಪೂರ್ವ ದಡದ ಉಸ್ತ್ ಬರ್ಗುಜಿನ್ ಊರಿನ ತನಕ ಹೋಗಿ. ಪಕ್ಕದ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಉಷ್ಕಾನಿ ದ್ವೀಪಗಳ ಬಂಡೆಗಳ ಮೇಲೆ ಬೇಸಿಗೆಯಲ್ಲಿ ನೆರ್ಪಾ ಸೀಲ್‌ಗಳು ಬಿಸಿಲು ಕಾಯುತ್ತಾ ಮಲಗಿರುತ್ತವೆ. ಇವು ಸಮುದ್ರದ ಸೀಲ್ ಅಲ್ಲ, ಸಿಹಿನೀರಿನವು. ಕೆಳಗಿರುವುದು 1,642 ಮೀಟರ್ ತನಕ ಇಳಿಯುವ, ಜಗತ್ತಿನ ಅತಿ ಆಳದ ಸರೋವರ.

ಜುಲೈ, ಆಗಸ್ಟ್ ಸುಲಭದ ತಿಂಗಳು. ಗಟ್ಟಿಯಾಗಿ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆಯಬೇಕೆಂದರೆ ಫೆಬ್ರುವರಿ ಕೊನೆಯಿಂದ ಮಾರ್ಚ್. ಭಾರತೀಯರಿಗೆ ಇ-ವೀಸಾ ಇದೆ, ಆದರೆ ಗೊತ್ತುಮಾಡಿದ ಗಡಿ ಠಾಣೆಗಳಿಂದ ಮಾತ್ರ ಒಳಗೆ ಬಿಡುತ್ತಾರೆ. ಪಟ್ಟಿ ನೋಡಿಕೊಂಡೇ ಟಿಕೆಟ್ ತೆಗೆಯಿರಿ. ನಮ್ಮ ಬ್ಯಾಂಕುಗಳ ವೀಸಾ ಕಾರ್ಡ್, ಮಾಸ್ಟರ್ ಕಾರ್ಡ್‌ಗಳು 2022ರಿಂದ ಅಲ್ಲಿ ನಡೆಯುವುದಿಲ್ಲ. ಪೂರ್ತಿ ಪ್ರವಾಸಕ್ಕೆ ಬೇಕಾದ ನಗದು ಜೊತೆಗೇ ಇರಬೇಕು.